ಕಾಲಿನಿಂದ ಕಿಬ್ಬೊಟ್ಟೆಯವರೆಗೆ ಹೆಪ್ಪುಗಟ್ಟಿದ ರಕ್ತ: ಕರಗಿಸಬೇಕೆ, ಎಳೆದು ತೆಗೆಯಬೇಕೆ, ಮಾತ್ರೆಯೇ ಸಾಕೆ?

ಪ್ರಶ್ನೆ: ನನ್ನ ತಂಗಿಗೆ 36 ವರ್ಷ. ಆರು ದಿನದ ಹಿಂದೆ ಎಡಗಾಲು ಇದ್ದಕ್ಕಿದ್ದಂತೆ ಊದಿಕೊಂಡಿತು. ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಮಂಡಿಯ ಹಿಂಭಾಗದಿಂದ ಕಿಬ್ಬೊಟ್ಟೆಯ ಒಳಗಿನ ರಕ್ತನಾಳದವರೆಗೆ ಡಿವಿಟಿ, ಅಂದರೆ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ, ಇದೆ ಎಂದು ಗೊತ್ತಾಯಿತು. ಹೆಪಾರಿನ್ ಚುಚ್ಚುಮದ್ದು ಶುರುವಾಗಿದೆ. ಒಬ್ಬ ವೈದ್ಯರು ರಕ್ತ ತೆಳುಗೊಳಿಸುವ ಮಾತ್ರೆಯೇ ಸಾಕು ಎನ್ನುತ್ತಾರೆ. ಇನ್ನೊಬ್ಬರು ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿ, ಅದರ ಮೂಲಕ ಔಷಧಿ ಹರಿಸಿ ಕರಗಿಸೋಣ ಎನ್ನುತ್ತಾರೆ. ಮೂರನೆಯವರು ಸಾಧನದಿಂದ ಒಂದೇ ಸಲಕ್ಕೆ ಎಳೆದು ತೆಗೆದು ಸ್ಟೆಂಟ್ ಹಾಕಬಹುದು ಎಂದಿದ್ದಾರೆ. ಯಾವುದನ್ನು ಒಪ್ಪಿಕೊಳ್ಳಲಿ?

ಉತ್ತರ: ನಿಮ್ಮ ತಂಗಿಯ ಪ್ರಾಣ ಕಾಪಾಡುವ ಚಿಕಿತ್ಸೆ ಈಗಾಗಲೇ ನಡೆಯುತ್ತಿದೆ. ಹೆಪ್ಪು ಬೆಳೆಯದಂತೆ ತಡೆದು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವನ್ನು ತಗ್ಗಿಸುವುದು ಹೆಪಾರಿನ್. ಕ್ಯಾತಿಟರ್, ಹೆಪ್ಪು ತೆಗೆಯುವ ಸಾಧನ, ಸ್ಟೆಂಟ್ ಇವು ಸಾವಿನ ಅಪಾಯವನ್ನು ಇನ್ನಷ್ಟು ಇಳಿಸುತ್ತವೆ ಎಂದು ಡಿವಿಟಿಯ ಯಾವ ದೊಡ್ಡ ಪ್ರಯೋಗವೂ ತೋರಿಸಿಲ್ಲ. ಅವುಗಳ ಗುರಿಯೇ ಬೇರೆ. ಈಗಿನ ನೋವು ಮತ್ತು ಊತ ಬೇಗ ಇಳಿಯಬೇಕು. ಮುಂದೆ ವರ್ಷಗಟ್ಟಲೆ ಕಾಲು ಭಾರವಾಗುವುದು, ಸಂಜೆಯಾಗುತ್ತಲೇ ಬಾವು ಬರುವುದು, ಕಣಕಾಲಿನ ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣಾಗುವುದು ತಪ್ಪಬೇಕು. ಈ ದೀರ್ಘಕಾಲದ ತೊಂದರೆಯನ್ನು ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್, ಚಿಕ್ಕದಾಗಿ ಪಿಟಿಎಸ್ ಎನ್ನುತ್ತಾರೆ. ಅಂದರೆ ನಿಮಗೆ ಸಲಹೆ ಕೊಟ್ಟ ಮೂವರೂ ಎರಡು ವರ್ಷದ ನಂತರ ಆ ಕಾಲು ಹೇಗಿರುತ್ತದೆ ಎಂಬುದರ ಬಗ್ಗೆ ಮಾತಾಡುತ್ತಿದ್ದಾರೆ. ಆದ್ದರಿಂದ ಗಾಬರಿಯಲ್ಲಿ ಈ ರಾತ್ರಿಯೇ ತೀರ್ಮಾನಿಸಬೇಕಾಗಿಲ್ಲ. ಹಾಗೆಂದು ತಿಂಗಳುಗಟ್ಟಲೆ ಯೋಚಿಸಲೂ ಸಮಯವಿಲ್ಲ.

ಇದಕ್ಕೆ ಒಂದು ಅಪವಾದ ಉಂಟು. ಕಾಲು ನೀಲಿಗಟ್ಟಿ ತಣ್ಣಗಾಗುತ್ತಿದ್ದರೆ, ನೋವು ತಡೆಯಲಾಗದಷ್ಟಿದ್ದರೆ, ಪಾದದ ಸ್ಪರ್ಶ ಗೊತ್ತಾಗದಿದ್ದರೆ ಅಥವಾ ಚರ್ಮದ ಮೇಲೆ ಗುಳ್ಳೆ ಏಳುತ್ತಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ರಕ್ತ ಹೊರಹೋಗುವ ದಾರಿಗಳೆಲ್ಲ ಮುಚ್ಚಿ, ಕಾಲಿನೊಳಗೆ ಒತ್ತಡ ಏರಿ, ಅಪಧಮನಿಯ ರಕ್ತಕ್ಕೂ ಒಳಬರಲಾಗದ ಸ್ಥಿತಿ ಅದು. ಕಾಲನ್ನೇ ಕಳೆದುಕೊಳ್ಳಬೇಕಾದೀತು. ಆಗ ಕೆಲವೇ ಗಂಟೆಗಳೊಳಗೆ, ಆಸ್ಪತ್ರೆಯ ತಂಡಕ್ಕೆ ಕೈಬಂದ ಯಾವ ವಿಧಾನದಿಂದಾದರೂ ಹೆಪ್ಪನ್ನು ತೆಗೆಯಬೇಕು. ಪ್ರಶ್ನೆಯನ್ನು ನೋಡಿದರೆ ನಿಮ್ಮ ತಂಗಿ ಆ ಸ್ಥಿತಿಯಲ್ಲಿಲ್ಲ. ಆದರೂ ದಿನಕ್ಕೆ ಎರಡು ಸಲ ಪಾದದ ಬಣ್ಣ, ಬಿಸಿ, ಬೆರಳು ಆಡಿಸುವ ಶಕ್ತಿ ನೋಡುತ್ತಿರಿ.

ಹಸ್ತಕ್ಷೇಪ ಬೇಕೇ ಬೇಡವೇ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಮೊದಲನೆಯದು ಹೆಪ್ಪು ಇರುವ ಜಾಗ. ಮೀನಖಂಡದ ರಕ್ತನಾಳಗಳಲ್ಲಿ ಮಾತ್ರ ಇದ್ದರೆ ಕ್ಯಾತಿಟರಿನ ಮಾತೇ ಬೇಡ. ಮಂಡಿಯ ಹಿಂಭಾಗ ಮತ್ತು ತೊಡೆಯಲ್ಲಷ್ಟೇ ಇದ್ದರೆ ಸಾಮಾನ್ಯವಾಗಿ ಮಾತ್ರೆಯೇ ಸರಿ, ಏಕೆಂದರೆ ತೊಡೆಯಲ್ಲಿ ರಕ್ತಕ್ಕೆ ಬಳಸುದಾರಿಗಳಿವೆ. ಆದರೆ ತೊಡೆಸಂದಿನ ಕಾಮನ್ ಫಿಮೋರಲ್ ಮತ್ತು ಅದರ ಮೇಲಿನ ಇಲಿಯಾಕ್ ಅಭಿಧಮನಿ ಇಡೀ ಕಾಲಿನ ರಕ್ತ ಹೊರಬರುವ ಹೆದ್ದಾರಿ. ಅಲ್ಲಿ ಮುಚ್ಚಿದರೆ ಬಳಸುದಾರಿಗಳು ಸಾಲುವುದಿಲ್ಲ, ಪಿಟಿಎಸ್ ತೀವ್ರವಾಗುವ ಸಂಭವ ಹೆಚ್ಚು. ನಿಮ್ಮ ತಂಗಿಯದು ಇದೇ ಬಗೆ.

ಎರಡನೆಯದು ಹೆಪ್ಪಿನ ವಯಸ್ಸು. ಹೊಸ ಹೆಪ್ಪು ಮೃದುವಾಗಿರುತ್ತದೆ, ಅದರ ಫೈಬ್ರಿನ್ ಜಾಲವನ್ನು ಔಷಧಿ ಕತ್ತರಿಸಬಲ್ಲದು. ದಿನ ಕಳೆದಂತೆ ಅದರೊಳಗೆ ಕೊಲಾಜನ್ ಸೇರಿ, ಗೋಡೆಗೆ ಅಂಟಿ, ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಮೊದಲ 14 ದಿನ ಒಳ್ಳೆಯ ಅವಧಿ. ಮೂರು ವಾರ ದಾಟಿದ ಮೇಲೆ ಕರಗಿಸುವ ಔಷಧಿಯಿಂದ ಫಲ ಕಡಿಮೆ, ರಕ್ತಸ್ರಾವದ ಅಪಾಯ ಮಾತ್ರ ಹಾಗೇ ಉಳಿಯುತ್ತದೆ. ಲೆಕ್ಕ ಹಾಕಬೇಕಾದದ್ದು ಸ್ಕ್ಯಾನ್ ಆದ ದಿನದಿಂದ ಅಲ್ಲ, ಮೊದಲು ನೋವು ಅಥವಾ ಊತ ಕಂಡ ದಿನದಿಂದ. ಅದಕ್ಕೂ ಮುಂಚೆ ಸೊಂಟನೋವೋ ಕಾಲಿನ ಬಿಗಿತವೋ ಇತ್ತೇ ಎಂದು ತಂಗಿಯನ್ನು ಕೇಳಿ ವೈದ್ಯರಿಗೆ ತಿಳಿಸಿ, ಅದರಿಂದ ನಿರ್ಧಾರವೇ ಬದಲಾಗಬಹುದು.

ಮೂರನೆಯದು ರಕ್ತಸ್ರಾವದ ಅಪಾಯ. ಕಳೆದ ಎರಡು ವಾರದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಹೆರಿಗೆ, ಮೂರು ತಿಂಗಳೊಳಗೆ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟು, ಮೆದುಳಿನ ಗಡ್ಡೆ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದದ್ದು, ಹತೋಟಿಗೆ ಬಾರದ ರಕ್ತದೊತ್ತಡ, ತೀರ ಕಡಿಮೆ ಪ್ಲೇಟ್‌ಲೆಟ್, ತೀವ್ರ ಯಕೃತ್ತಿನ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ ಕರಗಿಸುವ ಔಷಧಿ ಬೇಡ. 36ರ ವಯಸ್ಸಿನಲ್ಲಿ ಗರ್ಭ ಪರೀಕ್ಷೆಯನ್ನೂ ಬಿಡುವಂತಿಲ್ಲ. ಔಷಧಿ ಒಂದೇ ಅಲ್ಲ, ಎಕ್ಸ್‌ರೇ ಕಿರಣವೂ ಇಲ್ಲಿ ಬಳಕೆಯಾಗುತ್ತದೆ.

ಈಗ ಪ್ರಯೋಗಗಳು ಏನು ಹೇಳುತ್ತವೆ ನೋಡೋಣ, ಏಕೆಂದರೆ ನಿಮ್ಮ ವೈದ್ಯರ ಭಿನ್ನಾಭಿಪ್ರಾಯದ ಬೇರು ಅಲ್ಲಿದೆ. ನಾರ್ವೆಯ ಕ್ಯಾವೆಂಟ್ ಪ್ರಯೋಗದಲ್ಲಿ 209 ರೋಗಿಗಳಿದ್ದರು, ಫಲಿತಾಂಶ 2012ರಲ್ಲಿ ಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಮಾತ್ರ ಪಡೆದವರಲ್ಲಿ ಎರಡು ವರ್ಷಕ್ಕೆ ಸುಮಾರು 56% ಜನರಿಗೆ ಪಿಟಿಎಸ್ ಕಾಣಿಸಿತು, ಕ್ಯಾತಿಟರಿನಿಂದಲೂ ಕರಗಿಸಿಕೊಂಡವರಲ್ಲಿ 41% ಜನರಿಗೆ. ಐದು ವರ್ಷಕ್ಕೆ ಈ ಅಂತರ ಇನ್ನೂ ದೊಡ್ಡದಾಯಿತು: 71% ಮತ್ತು 43%. ಆದರೆ ಬದುಕಿನ ಗುಣಮಟ್ಟದ ಬಗ್ಗೆ ಕೇಳಿದಾಗ ಎರಡೂ ಗುಂಪಿನ ಉತ್ತರದಲ್ಲಿ ವ್ಯತ್ಯಾಸವಿರಲಿಲ್ಲ. 2017ರಲ್ಲಿ ಅಮೆರಿಕದ ಅಟ್ರಾಕ್ಟ್ ಪ್ರಯೋಗ ಬಂತು. 692 ರೋಗಿಗಳು, ಔಷಧಿ ಮತ್ತು ಸಾಧನ ಎರಡನ್ನೂ ಬಳಸಿದ ವಿಧಾನ. ಎರಡು ವರ್ಷದಲ್ಲಿ ಪಿಟಿಎಸ್ ಹೆಪ್ಪು ತೆಗೆಸಿಕೊಂಡವರಲ್ಲಿ 47%, ತೆಗೆಸಿಕೊಳ್ಳದವರಲ್ಲಿ 48%, ಅಂದರೆ ಏನೂ ವ್ಯತ್ಯಾಸವಿಲ್ಲ. ಮೊದಲ ಹತ್ತು ದಿನದಲ್ಲಿ ದೊಡ್ಡ ರಕ್ತಸ್ರಾವ ಮಾತ್ರ ತೆಗೆಸಿಕೊಂಡವರಲ್ಲಿ 1.7%, ಉಳಿದವರಲ್ಲಿ 0.3%. ‘ಮಾತ್ರೆ ಸಾಕು’ ಎನ್ನುವ ವೈದ್ಯರು ಈ ಅಂಕಿಗಳನ್ನು ನೆಚ್ಚಿಕೊಂಡಿದ್ದಾರೆ, ಅದರಲ್ಲಿ ನ್ಯಾಯವಿದೆ.

ಆದರೆ ಅದೇ ಪ್ರಯೋಗವನ್ನು ಇನ್ನೊಂದು ಕೋನದಿಂದ ನೋಡಬೇಕು. ಪಿಟಿಎಸ್ ಅಳೆಯುವ ವಿಲ್ಲಾಲ್ಟಾ ಅಂಕದಲ್ಲಿ ನೋವು, ಸೆಳೆತ, ತುರಿಕೆ ಮೊದಲಾದ ಐದು ಲಕ್ಷಣಗಳಿಗೂ ವೈದ್ಯರು ಕಾಣುವ ಆರು ಚಿಹ್ನೆಗಳಿಗೂ ತಲಾ 0ರಿಂದ 3 ಅಂಕ. ಒಟ್ಟು 5 ಬಂದರೆ ಪಿಟಿಎಸ್ ಇದೆ ಎಂದೇ ಲೆಕ್ಕ, 15 ಮುಟ್ಟಿದರೆ ಅಥವಾ ಹುಣ್ಣಿದ್ದರೆ ತೀವ್ರ. ಹೀಗಾಗಿ ಸ್ವಲ್ಪ ತುರಿಕೆ, ಸ್ವಲ್ಪ ಬಾವು ಇರುವವರೂ ಓಡಾಡಲಾಗದವರೂ ಒಂದೇ ಪಟ್ಟಿಗೆ ಸೇರುತ್ತಾರೆ. ಮಧ್ಯಮ ಮತ್ತು ತೀವ್ರ ಪಿಟಿಎಸ್ ಅನ್ನು ಮಾತ್ರ ಎಣಿಸಿದಾಗ 24% ಇದ್ದದ್ದು 18%ಗೆ ಇಳಿದಿತ್ತು. ತೊಡೆಸಂದಿನಿಂದ ಮೇಲೆ ಹೆಪ್ಪಿದ್ದವರಲ್ಲಿ 28%ರಿಂದ 18%ಗೆ. ತೊಡೆಯಲ್ಲಷ್ಟೇ ಹೆಪ್ಪಿದ್ದವರಿಗೆ ಲಾಭ ಕಾಣಲಿಲ್ಲ. ಹತ್ತು ಜನ ಇಂಥವರಿಗೆ ಮಾಡಿದರೆ ಒಬ್ಬರಿಗೆ ಕಾಲಿನ ದೊಡ್ಡ ತೊಂದರೆ ತಪ್ಪುತ್ತದೆ ಎಂದು ಇದನ್ನು ಓದಬಹುದು. ನೆದರ್ಲೆಂಡ್ಸ್‌ನ ಕಾವಾ ಪ್ರಯೋಗ ತೊಡೆಸಂದಿನ ಮೇಲಿನ ಹೆಪ್ಪನ್ನೇ ಆರಿಸಿಕೊಂಡು, ಅಲ್ಟ್ರಾಸೌಂಡ್ ಕಂಪನ ಕೊಡುವ ಕ್ಯಾತಿಟರ್ ಬಳಸಿತ್ತು. ಒಂದು ವರ್ಷಕ್ಕೆ ಪಿಟಿಎಸ್ ಕರಗಿಸಿಕೊಂಡವರಲ್ಲಿ 29%, ಉಳಿದವರಲ್ಲಿ 35%, ಖಚಿತವಾಗಿ ಹೇಳುವಷ್ಟು ಅಂತರವಲ್ಲ. ಒಟ್ಟಾರೆ ಲಾಭ ಇದೆ, ಆದರೆ ಸರಿಯಾದ ರೋಗಿಗೆ, ಅದೂ ಸಾಧಾರಣ ಪ್ರಮಾಣದ್ದು.

ಈಗ ವಿಧಾನಗಳು. ಕ್ಯಾತಿಟರಿನಿಂದ ಕರಗಿಸುವುದನ್ನು ಸಿಡಿಟಿ ಎನ್ನುತ್ತಾರೆ. ರೋಗಿಯನ್ನು ಬೋರಲು ಮಲಗಿಸಿ, ಮಂಡಿಯ ಹಿಂಭಾಗವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತ ಪಾಪ್ಲಿಟಿಯಲ್ ಅಭಿಧಮನಿಗೆ ಸೂಜಿ ಹಾಕುತ್ತಾರೆ. ಕಣ್ಣಂದಾಜಿನಲ್ಲಿ ಚುಚ್ಚಿದರೆ ಪಕ್ಕದ ಅಪಧಮನಿಗೆ ತಗಲಬಹುದು. ಕರಗಿಸುವ ಔಷಧಿ ಕೊಟ್ಟಾಗ ಆ ತೂತಿನಿಂದಲೇ ರಕ್ತ ಸೋರಿ ಮಂಡಿಯ ಹಿಂದೆ ಗಡ್ಡೆಕಟ್ಟುತ್ತದೆ. ಸೂಜಿಯ ಮೂಲಕ ತೆಳು ತಂತಿಯನ್ನು ಹೆಪ್ಪಿನ ಆಚೆ ತುದಿಯವರೆಗೆ ತೂರಿಸಿ, ಅದರ ಮೇಲೆ ಉದ್ದಕ್ಕೂ ಸಣ್ಣ ರಂಧ್ರಗಳಿರುವ ಕ್ಯಾತಿಟರನ್ನು ಹೆಪ್ಪಿನೊಳಗೇ ಹುದುಗಿಸುತ್ತಾರೆ. ಆಲ್ಟಿಪ್ಲೇಸ್ ಎಂಬ ಕರಗಿಸುವ ಔಷಧಿ ಗಂಟೆಗೆ 0.5ರಿಂದ 1 ಮಿಲಿಗ್ರಾಂನಂತೆ ಹನಿಯುತ್ತದೆ, ಜೊತೆಗೆ ಕಡಿಮೆ ಪ್ರಮಾಣದ ಹೆಪಾರಿನ್. ಸಾಮಾನ್ಯವಾಗಿ 12ರಿಂದ 24 ಗಂಟೆ. ಕೆಲವರಿಗೆ ಇನ್ನೊಂದು ದಿನ.

ಆ ಗಂಟೆಗಳಲ್ಲೇ ಈ ವಿಧಾನದ ಕಷ್ಟ ಇರುವುದು. ಐಸಿಯುನಲ್ಲಿ ಕಾಲು ಮಡಚದೆ ಮಲಗಿರಬೇಕು. ಸುಮಾರು ಆರು ಗಂಟೆಗೊಮ್ಮೆ ಹಿಮೊಗ್ಲೋಬಿನ್, ಪ್ಲೇಟ್‌ಲೆಟ್, ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಪರೀಕ್ಷೆ. ಫೈಬ್ರಿನೋಜನ್ ಡೆಸಿಲೀಟರಿಗೆ 150 ಮಿಲಿಗ್ರಾಂಗೆ ಇಳಿದರೆ ಔಷಧಿಯ ವೇಗ ತಗ್ಗಿಸಬೇಕು, 100 ಮಿಲಿಗ್ರಾಂಗಿಂತ ಕೆಳಗಾದರೆ ನಿಲ್ಲಿಸಬೇಕು. ಅಷ್ಟರಲ್ಲಿ ಔಷಧಿ ಹೆಪ್ಪನ್ನು ಬಿಟ್ಟು ದೇಹದ ರಕ್ತವನ್ನೇ ಕೆಡಿಸುತ್ತಿರುತ್ತದೆ. ಸ್ನಾಯುವಿಗೆ ಇಂಜೆಕ್ಷನ್ ಕೊಡಕೂಡದು, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಕೂಡದು. ಹೊಸದಾಗಿ ತಲೆನೋವು, ವಾಂತಿ, ಮಾತು ತೊದಲುವಿಕೆ ಕಂಡರೆ ಔಷಧಿ ನಿಲ್ಲಿಸಿ ತಕ್ಷಣ ತಲೆಯ ಸಿಟಿ ಮಾಡಿಸಬೇಕು. ಮೆದುಳಿನ ರಕ್ತಸ್ರಾವ ಅಪರೂಪ, ಆದರೆ ಸಂಭವಿಸಿದರೆ ಅದು ಸರಿಪಡಿಸಲಾಗದ ನಷ್ಟ. ಹಾಗಾಗಿ ಆಸ್ಪತ್ರೆಯನ್ನು ಆರಿಸುವಾಗ ಸಾಧನದ ಹೆಸರಿಗಿಂತ ರಾತ್ರಿಪಾಳಿಯ ಐಸಿಯು ಹೇಗಿದೆ, ನಡುರಾತ್ರಿ ಫೈಬ್ರಿನೋಜನ್ ವರದಿ ಸಿಗುತ್ತದೆಯೇ ಎಂದು ಕೇಳಿ.

ಅಲ್ಟ್ರಾಸೌಂಡ್ ಕಂಪನದ ಕ್ಯಾತಿಟರ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಂಪನದಿಂದ ಔಷಧಿ ಹೆಪ್ಪಿನೊಳಗೆ ಚೆನ್ನಾಗಿ ಇಳಿಯುತ್ತದೆ ಎಂಬ ವಾದ ಚೆಂದವೇ. ಆದರೆ ಮಾಮೂಲಿ ಕ್ಯಾತಿಟರಿನೊಂದಿಗೆ ನೇರವಾಗಿ ಹೋಲಿಸಿದ 48 ರೋಗಿಗಳ ಸಣ್ಣ ಪ್ರಯೋಗದಲ್ಲಿ ಕರಗಿದ ಪ್ರಮಾಣ ಎರಡರಲ್ಲೂ ಒಂದೇ ಬಂತು. ಅದಕ್ಕಾಗಿ ಹೆಚ್ಚುವರಿ ಖರ್ಚು ಮಾಡಬೇಕಾಗಿಲ್ಲ.

ಔಷಧಿ ಮತ್ತು ಬಲ ಎರಡನ್ನೂ ಸೇರಿಸುವ ಬಗೆಯಲ್ಲಿ ಹೆಚ್ಚು ಬಳಕೆಯಾದದ್ದು ಆಂಜಿಯೋಜೆಟ್. ಮೊದಲು ಔಷಧಿಯನ್ನು ಹೆಪ್ಪಿನೊಳಗೆ ಚಿಮ್ಮಿಸಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಲೈನಿನ ರಭಸದ ಧಾರೆಯಿಂದ ಹೆಪ್ಪನ್ನು ಒಡೆದು ಹೀರಿಕೊಳ್ಳುತ್ತದೆ. ಔಷಧಿ ಕಡಿಮೆ ಸಾಕು, ಸಮಯವೂ ಉಳಿಯುತ್ತದೆ. ತೊಂದರೆ ಎಂದರೆ ಅದೇ ಧಾರೆ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಮೂತ್ರ ಕೆಂಪಾಗುತ್ತದೆ, ಬಿಡುಗಡೆಯಾದ ಹಿಮೊಗ್ಲೋಬಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಆದ್ದರಿಂದ ಸಾಧನ ಓಡುವ ಸಮಯವನ್ನು ಕೆಲವೇ ನಿಮಿಷಕ್ಕೆ ಮಿತಗೊಳಿಸಿ, ಮುಂಚೆ ಮತ್ತು ನಂತರ ಡ್ರಿಪ್ ಚೆನ್ನಾಗಿ ಹರಿಸಬೇಕು. ಮೊದಲೇ ಕ್ರಿಯೇಟಿನಿನ್ ಏರಿರುವವರಿಗೆ, ಅಂದರೆ ಮೂತ್ರಪಿಂಡ ಸೊರಗಿರುವವರಿಗೆ, ಇದು ಬೇಡ. ಹೃದಯದ ಹತ್ತಿರ ಓಡಿಸಿದಾಗ ನಾಡಿಬಡಿತ ಇಳಿಯುವುದೂ ಉಂಟು.

ಮೂರನೆಯ ವೈದ್ಯರು ಹೇಳಿದ್ದು ಬಹುಶಃ ಕರಗಿಸುವ ಔಷಧಿಯೇ ಇಲ್ಲದೆ ತೆಗೆಯುವ ಬಗೆ. ಇದರಲ್ಲಿ ಎರಡು ದಾರಿ. ಕ್ಲಾಟ್‌ಟ್ರೀವರ್ ಎಂಬುದು 13 ಫ್ರೆಂಚ್, ಅಂದರೆ ಸುಮಾರು 4.3 ಮಿಲಿಮೀಟರ್ ದಪ್ಪದ ಕೊಳವೆಯ ಮೂಲಕ ಹೋಗುತ್ತದೆ. ಹೆಪ್ಪನ್ನು ದಾಟಿದ ಮೇಲೆ ನಿಟಿನಾಲ್ ಲೋಹದ ಉಂಗುರ ಅರಳಿ ಗೋಡೆಗೆ ತಾಗುತ್ತದೆ, ಅದರ ಹಿಂದೆ ಜಾಲರಿಯ ಚೀಲ. ಕೆಳಕ್ಕೆ ಎಳೆದಂತೆ ಉಂಗುರ ಹೆಪ್ಪನ್ನು ಗೋಡೆಯಿಂದ ಬಿಡಿಸುತ್ತದೆ, ಚೀಲ ತುಂಬಿಕೊಳ್ಳುತ್ತದೆ. ಪ್ರತಿ ಸಲ ಕಾಲು ಸುತ್ತು ತಿರುಗಿಸಿ ನಾಲ್ಕು ಸಲವಾದರೂ ಎಳೆಯುತ್ತಾರೆ. ಗೋಡೆಗೆ ಅಂಟಿದ, ಎರಡು ಮೂರು ವಾರ ಹಳೆಯ ಹೆಪ್ಪಿನಲ್ಲಿ ಇದರ ಬಲ ಕಾಣುತ್ತದೆ. ಇನ್ನೊಂದು ದಾರಿ ಹೀರುವುದು. ಪೆನಂಬ್ರಾ ಕಂಪನಿಯ 12 ಮತ್ತು 16 ಫ್ರೆಂಚ್ ಕ್ಯಾತಿಟರ್ ಇದಕ್ಕೆ ಉದಾಹರಣೆ. ತುದಿಯಲ್ಲಿ ಹೆಪ್ಪಿದೆಯೋ ಹರಿಯುವ ರಕ್ತವಿದೆಯೋ ಎಂದು ಗುರುತಿಸಿ ಕವಾಟ ತಾನೇ ತೆರೆದು ಮುಚ್ಚುತ್ತದೆ, ಇಲ್ಲದಿದ್ದರೆ ಹೆಪ್ಪಿನ ಜೊತೆ ಒಳ್ಳೆಯ ರಕ್ತವೂ ನೂರಾರು ಮಿಲಿಲೀಟರ್ ಹೋಗಿಬಿಡುತ್ತದೆ. ಹೊಸ, ಮೃದು ಹೆಪ್ಪಿಗೆ ಇದು ಚೆನ್ನ. ಅಂಟಿದ ಹೆಪ್ಪನ್ನು ಬಿಟ್ಟುಬಿಡುತ್ತದೆ.

ಇವುಗಳಿಂದಾಗುವ ಉಪಕಾರ ದೊಡ್ಡದು. ಒಂದೇ ಬೈಠಕ್ಕಿನಲ್ಲಿ ಕೆಲಸ ಮುಗಿಯುತ್ತದೆ, ಹಲವರಿಗೆ ಐಸಿಯು ಬೇಕಾಗುವುದಿಲ್ಲ, ಶಸ್ತ್ರಚಿಕಿತ್ಸೆಯಾದವರಿಗೂ ಬಾಣಂತಿಯರಿಗೂ ಮಾಡಬಹುದು. ಅಪಾಯಗಳೂ ಇವೆ: ದಪ್ಪ ಕೊಳವೆಯ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟುವುದು, ರಕ್ತನಾಳದ ಗೋಡೆಗೆ ಗಾಯ, ತುಂಡು ಶ್ವಾಸಕೋಶಕ್ಕೆ ಜಾರುವುದು. ಮಂಡಿಯಿಂದ ಕೆಳಗಿನ ಸಣ್ಣ ನಾಳಗಳನ್ನು ಇವು ಮುಟ್ಟಲಾರವು. ಕ್ಲಾಟ್‌ಟ್ರೀವರ್‌ನ ಸುಮಾರು 500 ರೋಗಿಗಳ ದಾಖಲಾತಿ ಅಧ್ಯಯನದ ಫಲಿತಾಂಶ ಆಶಾದಾಯಕ. ಆದರೆ ಅದರಲ್ಲಿ ಹೋಲಿಕೆಯ ಗುಂಪಿರಲಿಲ್ಲ. ಕ್ಯಾವೆಂಟ್, ಅಟ್ರಾಕ್ಟ್‌ಗಳಿಗೆ ಕೊಡುವ ತೂಕವನ್ನು ಅದಕ್ಕೆ ಕೊಡಲಾಗದು.

ಸ್ಟೆಂಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ತಂಗಿಗೆ ಇದೇ ಮುಖ್ಯವಾಗಬಹುದು. ಎಡ ಇಲಿಯಾಕ್ ಅಭಿಧಮನಿ ಬೆನ್ನುಮೂಳೆ ಮತ್ತು ಬಲ ಇಲಿಯಾಕ್ ಅಪಧಮನಿಯ ನಡುವೆ ಹಾದುಹೋಗುತ್ತದೆ. ಕೆಲವರಲ್ಲಿ ಅಪಧಮನಿಯ ನಿರಂತರ ಬಡಿತದಿಂದ ಅದು ಒತ್ತಿ ಚಪ್ಪಟೆಯಾಗಿ, ಒಳಗೆ ಪೊರೆಯಂಥ ತಡೆ ಬೆಳೆದಿರುತ್ತದೆ. ಇದು ಮೇ-ಥರ್ನರ್ ಸಿಂಡ್ರೋಮ್, 1957ರಲ್ಲಿ ವಿವರಿಸಿದ್ದು. ಯುವ ವಯಸ್ಸಿನ ಹೆಂಗಸು, ಎಡಗಾಲು, ಕಿಬ್ಬೊಟ್ಟೆಯವರೆಗೆ ಹೆಪ್ಪು ಎಂದಾಗ ಮೊದಲು ನೆನಪಾಗಬೇಕಾದ ಕಾರಣ ಇದೇ. ಹೆಪ್ಪನ್ನೆಲ್ಲ ತೆಗೆದು ಈ ಇಕ್ಕಟ್ಟನ್ನು ಹಾಗೇ ಬಿಟ್ಟರೆ ರಕ್ತ ಮತ್ತೆ ನಿಲ್ಲುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಚೆನ್ನಾಗಿ ತೆಗೆದ ಹೆಪ್ಪು ಕೆಲವೇ ದಿನದಲ್ಲಿ ಮರಳಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇಕ್ಕಟ್ಟನ್ನು ಕಾಣಲು ಬಣ್ಣ ಹಾಕಿ ತೆಗೆದ ಎಕ್ಸ್‌ರೇ ಸಾಲದು, ಮುಂದಿನಿಂದ ನೋಡಿದಾಗ ಚಪ್ಪಟೆಯಾದ ನಾಳ ಅಗಲವಾಗಿಯೇ ಕಾಣುತ್ತದೆ. ನಾಳದೊಳಗಿನಿಂದಲೇ ನೋಡುವ ಅಲ್ಟ್ರಾಸೌಂಡ್, ಐವಸ್, ಬೇಕು. ಸ್ಟೆಂಟಿನ ಉದ್ದ, ಅಗಲ ಅದರ ಅಳತೆಯ ಮೇಲೆ ನಿಲ್ಲುತ್ತದೆ. ಕಾಮನ್ ಇಲಿಯಾಕ್‌ಗೆ ಸಾಮಾನ್ಯವಾಗಿ 14ರಿಂದ 16 ಮಿಲಿಮೀಟರ್ ಅಥವಾ ತುಸು ಹೆಚ್ಚು. ಚಿಕ್ಕದು, ಗಿಡ್ಡದು ಹಾಕಿದರೆ ಅದು ಜಾರಿ ಹೃದಯದತ್ತ ಹೋಗಬಹುದು. ಮೇಲಕ್ಕೆ ಜಾಸ್ತಿ ಚಾಚಿದರೆ ಬಲಗಾಲಿನ ರಕ್ತಕ್ಕೆ ಅಡ್ಡ ನಿಲ್ಲುತ್ತದೆ. ಇಕ್ಕಟ್ಟಿನ ಕೆಳಭಾಗವನ್ನು ಬಿಟ್ಟುಬಿಟ್ಟರೆ ಅಲ್ಲಿ ಹೆಪ್ಪು ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ, ತೊಡೆಯಿಂದ ಸಾಕಷ್ಟು ರಕ್ತ ಮೇಲೆ ಬರುತ್ತಿರಬೇಕು. ಒಳಹರಿವಿಲ್ಲದ ಸ್ಟೆಂಟ್ ಮುಚ್ಚಿಹೋಗುತ್ತದೆ. ತೊಡೆಯ ನಾಳದೊಳಗೆ ಸ್ಟೆಂಟ್ ಹಾಕುತ್ತೇವೆ ಎಂದರೆ ಒಪ್ಪಬೇಡಿ. ‘ಐವಸ್ ಇದೆಯೇ, ಅಭಿಧಮನಿಗೆಂದೇ ತಯಾರಾದ ಸ್ಟೆಂಟ್ ಹಾಕುತ್ತೀರಾ’ ಎಂದು ಮೊದಲೇ ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಬೇರೆ ಕೇಂದ್ರ ನೋಡುವುದು ಲೇಸು. ಹಾಕಿದ ಮೇಲೆ ಕೆಲವು ದಿನ ಸೊಂಟದ ಹಿಂಭಾಗ ನೋಯುವುದು ಸಾಮಾನ್ಯ.

ಇಷ್ಟೆಲ್ಲ ಆದ ಮೇಲೂ ಫಲ ಉಳಿಯುವುದು ರಕ್ತ ತೆಳುಗೊಳಿಸುವ ಮಾತ್ರೆಯಿಂದ. ರಿವರೊಕ್ಸಬಾನ್ ಆದರೆ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು ಸಲ, ನಂತರ 20 ಮಿಲಿಗ್ರಾಂ ಒಂದು ಸಲ, ಊಟದ ಜೊತೆಗೇ; ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಹೀರಿಕೆಯಾಗುವುದಿಲ್ಲ. ಅಪಿಕ್ಸಬಾನ್ ಆದರೆ 7 ದಿನ 10 ಮಿಲಿಗ್ರಾಂ, ನಂತರ 5 ಮಿಲಿಗ್ರಾಂ, ಎರಡೂ ದಿನಕ್ಕೆರಡು ಸಲ. ಕನಿಷ್ಠ ಮೂರು ತಿಂಗಳು. ಸ್ಟೆಂಟ್ ಹಾಕಿದರೆ ಹೆಚ್ಚಿನವರು ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸುತ್ತಾರೆ. ಮೊದಲ ವಾರಗಳಲ್ಲಿ ಎರಡು ಡೋಸ್ ತಪ್ಪಿದರೂ ಹೊಸ ಸ್ಟೆಂಟ್ ಮುಚ್ಚಬಹುದು. ಎರಡು ವಾರದೊಳಗೆ ಒಂದು ಡಾಪ್ಲರ್ ಮಾಡಿಸಿ, ಆಗ ಮುಚ್ಚಿದ್ದು ಕಂಡರೆ ಮತ್ತೆ ತೆರೆಯಲು ಅವಕಾಶ ಇರುತ್ತದೆ. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ (ಹೆಪ್ಪುಗಟ್ಟುವುದನ್ನೂ ಗರ್ಭಪಾತವನ್ನೂ ಹೆಚ್ಚಿಸುವ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ) ಇದ್ದರೆ ಈ ಹೊಸ ಮಾತ್ರೆಗಳ ಬದಲು ವಾರ್ಫರಿನ್ ಬೇಕಾಗುತ್ತದೆ, ರಕ್ತ ಹೆಪ್ಪುಗಟ್ಟುವ ವೇಗದ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ. ಹಿಂದೆ ಗರ್ಭಪಾತಗಳಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ತಂಗಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಬೇಕು, ಈಸ್ಟ್ರೊಜನ್ ಇರುವ ಮಾತ್ರೆ ಹೆಪ್ಪಿಗೆ ಕಾರಣವಾಗಬಹುದು. ಆದರೆ ತಾವಾಗಿಯೇ ನಿಲ್ಲಿಸುವುದು ಬೇಡ. ರಕ್ತ ತೆಳುಗೊಳಿಸುವ ಔಷಧಿ ನಡೆಯುವಾಗ ಅದನ್ನು ಥಟ್ಟನೆ ಬಿಟ್ಟರೆ ಮುಟ್ಟಿನ ಸ್ರಾವ ವಿಪರೀತವಾಗಬಹುದು. ಬಿಗಿ ಕಾಲುಚೀಲದಿಂದ ಪಿಟಿಎಸ್ ತಪ್ಪುವುದಿಲ್ಲ ಎಂದು 2014ರ ಸಾಕ್ಸ್ ಪ್ರಯೋಗ ತೋರಿಸಿತು. ಹಾಕಿದಾಗ ಹಿತವೆನಿಸಿದರೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ಬಿಡಲಿ. ನಡೆಯುವುದನ್ನು ಮಾತ್ರ ನಿಲ್ಲಿಸಬಾರದು.

ಹಾಗಾದರೆ ನಿಮ್ಮ ತಂಗಿಗೆ? ನೀವು ಬರೆದಷ್ಟರ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಹೆಪಾರಿನ್ ಸರಿಯಾದ ಪ್ರಮಾಣದಲ್ಲಿ ನಡೆಯಲಿ, ಕಾಲನ್ನು ಎತ್ತರಿಸಿಡಲಿ. ಶುರುವಾಗಿ ಎರಡು ಮೂರು ದಿನದಲ್ಲಿ ನೋವು, ಊತ ಗಣನೀಯವಾಗಿ ಇಳಿದು ಅವರು ನಡೆದಾಡುವಂತಾದರೆ ಮಾತ್ರೆಯಲ್ಲೇ ಮುಂದುವರಿಯುವುದು ತಪ್ಪಲ್ಲ, ಅದಕ್ಕಾಗಿ ಮುಂದೆ ಪರಿತಪಿಸಬೇಕಾಗಿಯೂ ಇಲ್ಲ. ತೊಡೆ ಇನ್ನೂ ಬಿಗಿದೇ ಇದ್ದರೆ, ನಿಂತರೆ ಸಿಡಿಯುವಂತೆ ನೋಯುತ್ತಿದ್ದರೆ, ರಕ್ತಸ್ರಾವದ ಅಪಾಯಗಳಿಲ್ಲದಿದ್ದರೆ, ಹೆಪ್ಪು ತೆಗೆಸುವುದೇ ಸರಿ. ಅದನ್ನು ಊತ ಕಂಡ ದಿನದಿಂದ 14 ದಿನದೊಳಗೆ ಮುಗಿಸಬೇಕು. ನಿಮಗೆ ಒಂದು ವಾರ ಉಳಿದಿದೆ. ಅನುಭವವಿರುವ ತಂಡ ಮತ್ತು ಐವಸ್ ಇದ್ದರೆ ಕರಗಿಸುವ ಔಷಧಿಯಿಲ್ಲದೆ ಒಂದೇ ಸಲಕ್ಕೆ ತೆಗೆಯುವ ವಿಧಾನವನ್ನು ನಾನು ಮೊದಲು ಆರಿಸುತ್ತೇನೆ, ಕಾರಣ ಸರಳ: ಪಿಟಿಎಸ್ ತಡೆಯುವುದರಲ್ಲಿ ಅದು ಮೇಲು ಎಂದು ಸಾಬೀತಾಗಿಲ್ಲದಿದ್ದರೂ ಮೆದುಳಿನ ರಕ್ತಸ್ರಾವದ ಚಿಂತೆ ಬಹುಪಾಲು ತಪ್ಪುತ್ತದೆ. ಆ ಸಾಧನ ಬಳಸಿ ಪಳಗಿದವರಿಲ್ಲ, ಸಿಡಿಟಿಯಲ್ಲಿ ಕೈ ಪಳಗಿದವರಿದ್ದಾರೆ ಎಂದಾದರೆ ಸಿಡಿಟಿಯೇ ಇರಲಿ. ಪಳಗದ ಕೈಯಲ್ಲಿ ಹೊಸ ಸಾಧನಕ್ಕಿಂತ ಪಳಗಿದ ಕೈಯಲ್ಲಿ ಹಳೆಯ ವಿಧಾನ ಸುರಕ್ಷಿತ. ಸ್ಕ್ಯಾನ್ ನೋಡಿ, ಕಾಲು ಮುಟ್ಟಿ ಪರೀಕ್ಷಿಸಿದ ವೈದ್ಯರು ಇದಕ್ಕೆ ವಿರುದ್ಧವಾಗಿ ಹೇಳಿದರೆ ಕಾರಣ ಕೇಳಿ ಅವರ ಮಾತನ್ನೇ ನಂಬಿ.

ಕೊನೆಯದಾಗಿ, ಚಿಕಿತ್ಸೆಯ ಜೊತೆಗೆ ಹೊಟ್ಟೆಯ ಮಹಾಅಭಿಧಮನಿಯಲ್ಲಿ ಐವಿಸಿ ಫಿಲ್ಟರ್, ಅಂದರೆ ಹೆಪ್ಪನ್ನು ತಡೆಹಿಡಿಯುವ ಜಾಲರಿ, ಹಾಕುವ ಸಲಹೆಯೂ ಬರಬಹುದು. ಹೆಪಾರಿನ್ ಕೊಡಲು ಸಾಧ್ಯವಿರುವ ರೋಗಿಗೆ ಅದು ಸಾಮಾನ್ಯವಾಗಿ ಬೇಡ. ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು ಅದರಿಂದ ತಗ್ಗುತ್ತದೆ ನಿಜ, ಆದರೆ ಕಾಲಿನಲ್ಲಿ ಮತ್ತೆ ಹೆಪ್ಪುಗಟ್ಟುವುದು ಹೆಚ್ಚುತ್ತದೆ. ವಿಶೇಷ ಕಾರಣಕ್ಕೆ ಹಾಕಲೇಬೇಕಾಗಿ ಬಂದರೆ ಹಿಂದೆಗೆಯಬಹುದಾದ ಬಗೆಯನ್ನೇ ಹಾಕಿಸಿ, ಒಂದೆರಡು ತಿಂಗಳೊಳಗೆ ತೆಗೆಯುವ ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಂಡೇ ಮನೆಗೆ ಬನ್ನಿ. ಬರೆಸದೆ ಬಂದವರು ಮರೆತು, ಫಿಲ್ಟರ್ ವರ್ಷಗಟ್ಟಲೆ ಒಳಗೇ ಉಳಿದು, ಅದರ ಕಾಲುಗಳು ಗೋಡೆಯೊಳಗೆ ಹೂತುಹೋಗಿ ತೆಗೆಯಲು ಬಾರದಂತಾಗುತ್ತದೆ.